ಜೇಬಿನ ಚಾಕುವಿನ ಹಿಡಿ: ಫಿನಿಶ್ ಮೊದಲು ಎಲ್ಲಿಂದ ಹೋಗುತ್ತದೆ?

(ಹವ್ಯಾಸಕ್ಕಾಗಿ ಲೋಹಗೆಲಸ ಮಾಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚಾಕು ಅಂದ ಕೂಡಲೇ ಮಾತು ಅಲಗಿನ ಕಡೆಗೆ ಹೊರಳುತ್ತದೆ. ಯಾವ ಉಕ್ಕು, ಎಷ್ಟು ಹದ, ಯಾವ ಸಾಣೆಕಲ್ಲು ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಇವತ್ತು ಅಲಗನ್ನು ಮಡಿಚಿ ಒಳಗಿಟ್ಟುಬಿಡೋಣ. ಮಡಿಚುವ ಚಾಕುವಿನ ಅಲಗು ದಿನದ ಬಹುಪಾಲು ಹೊತ್ತು ಇರುವುದೂ ಅಲ್ಲೇ. ಬೆವರು, ಬೀಗದ ಕೈ, ಚಿಲ್ಲರೆ, ಧೂಳು, ಮಳೆನೀರು ಇವುಗಳನ್ನೆಲ್ಲ ತಡೆದುಕೊಳ್ಳುವುದು ಹಿಡಿ. ಅದರಲ್ಲೂ ಲೋಹದ ಹಿಡಿ.

ಲೋಹದ ಹಿಡಿ ಮಾಡಿಸಿಕೊಂಡು ಬರುವವರು ಕೇಳುವ ಪ್ರಶ್ನೆ ಒಂದೇ: "ಯಾವ ಫಿನಿಶ್ ಹಾಕಿಸಿದ್ರೆ ಹೋಗೋದಿಲ್ಲ ಸಾರ್?" ಫಿನಿಶ್ ಅಂದರೆ ಲೋಹದ ಮೈಗೆ ಕೊನೆಯಲ್ಲಿ ಕೊಡುವ ಲೇಪ, ಬಣ್ಣ, ನುಣುಪಿನಂಥ ಉಪಚಾರ. ಹೋಗದೇ ಇರುವ ಫಿನಿಶ್ ಯಾವುದೂ ಇಲ್ಲ. ಹಾಗಾಗಿ ನಾನು ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ಅದು ಮೊದಲು ಎಲ್ಲಿಂದ ಹೋಗುತ್ತದೆ, ಹೋದಮೇಲೆ ಚಾಕು ಹೇಗೆ ಕಾಣುತ್ತದೆ ಅಂತ ಕೇಳಿ. ಇವೆರಡಕ್ಕೆ ಉತ್ತರ ಗೊತ್ತಿದ್ದರೆ ಆಯ್ಕೆ ಸುಲಭ.

ಮೊದಲು ಜೇಬಿನೊಳಗೆ ಏನಿದೆ ನೋಡೋಣ. ಹಿಡಿಯ ಮೇಲೆ ಗೀರು ಬಿದ್ದರೆ ಎಲ್ಲರೂ ಬೀಗದ ಕೈಗೆ ಬೈಯುತ್ತಾರೆ. ಬೀಗದ ಕೈ ಬಹಳ ಸಲ ಹಿತ್ತಾಳೆಯದು, ಮೇಲೆ ಒಂದಿಷ್ಟು ನಿಕಲ್ ಲೇಪ. ಗಡಸುತನ ಅಳೆಯುವ ವಿಕರ್ಸ್ ಮಾಪನದಲ್ಲಿ ಹಿತ್ತಾಳೆ 100ರಿಂದ 150ರ ಆಸುಪಾಸು ನಿಲ್ಲುತ್ತದೆ. ಚಾಕುವಿನ ಹಿಡಿಗೆ ಬಳಸುವ 6061 ಅನ್ನುವ ಜಾತಿಯ ಅಲ್ಯೂಮಿನಿಯಂ ಹದ ಕೊಟ್ಟಮೇಲೂ 100ರ ಸುತ್ತಮುತ್ತಲೇ. ಗ್ರೇಡ್ 5 ಟೈಟಾನಿಯಂ, ಅಂದರೆ ಶೇಕಡಾ 6 ಅಲ್ಯೂಮಿನಿಯಂ, 4 ವನೇಡಿಯಂ ಬೆರೆತದ್ದು, 350ರ ಹತ್ತಿರ. ಹಾಗಾಗಿ ಬೀಗದ ಕೈ ಬರಿ ಅಲ್ಯೂಮಿನಿಯಂ ಮೇಲೆ ಗೀರು ಹಾಕಬಹುದು. ಟೈಟಾನಿಯಂ ಮೇಲೆ ಉಜ್ಜಿದರೆ ಸವೆಯುವುದು ಬೀಗದ ಕೈಯೇ. ಟೈಟಾನಿಯಂ ಹಿಡಿಯ ಮೇಲೆ ಹಳದಿ ಗೆರೆ ಕಂಡರೆ ಗಾಬರಿಯಾಗಬೇಡಿ. ಅದು ಮೆತ್ತಿಕೊಂಡ ಹಿತ್ತಾಳೆ, ತಿಕ್ಕಿದರೆ ಹೋಗುತ್ತದೆ.

ನಿಜವಾದ ಶತ್ರು ಇರುವುದು ಜೇಬಿನ ತಳದಲ್ಲಿ. ಪ್ಯಾಂಟಿನ ಜೇಬನ್ನು ಒಳಹೊರಗು ಮಾಡಿ ಮೂಲೆಯ ಹೊಲಿಗೆ ಬಿಡಿಸಿ ನೋಡಿ, ನೂಲಿನ ಜೊತೆ ಸಣ್ಣ ಮರಳಿನ ಕಣಗಳು ಸಿಗುತ್ತವೆ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳ. ಬೆಣಚುಕಲ್ಲು ವಿಕರ್ಸ್ ಲೆಕ್ಕದಲ್ಲಿ 1,000 ದಾಟುತ್ತದೆ. ಬೀಗದ ಕೈ, ನಾಣ್ಯ, ಮೊಬೈಲಿನ ಅಂಚು ಇವೆಲ್ಲ ಆ ಕಣವನ್ನು ಹಿಡಿಗೆ ಒತ್ತಿ ಎಳೆಯುವ ಕೆಲಸ ಮಾಡುತ್ತವೆ ಅಷ್ಟೇ. ಈ 1,000 ಅನ್ನುವ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಅಲ್ಯೂಮಿನಿಯಂಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಮಾಡಿಸುವುದು ಆನೊಡೈಸಿಂಗನ್ನೇ. ಪೀಣ್ಯದಲ್ಲಿ ಜಾಬ್‌ವರ್ಕ್‌ಗೆ ಮಾಡಿಕೊಡುವವರು ಬೇಕಾದಷ್ಟು ಸಿಗುತ್ತಾರೆ.

ಆನೊಡೈಸಿಂಗ್ ಬಣ್ಣ ಬಳಿಯುವ ಕೆಲಸವಲ್ಲ. ಅಲ್ಯೂಮಿನಿಯಂ ಗಾಳಿಗೆ ಸಿಕ್ಕರೆ ಸಾಕು, ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ತಾನಾಗಿ ಹುಟ್ಟುತ್ತದೆ. ಆ ಪದರವನ್ನು ಕರೆಂಟ್ ಕೊಟ್ಟು ಸಾವಿರಾರು ಪಟ್ಟು ದಪ್ಪ ಮಾಡುವುದೇ ಆನೊಡೈಸಿಂಗ್. 1923ರಲ್ಲಿ ಬ್ರಿಟನ್‌ನಲ್ಲಿ ಬೆಂಗೋ ಮತ್ತು ಸ್ಟುವರ್ಟ್ ಎಂಬಿಬ್ಬರು ಕ್ರೋಮಿಕ್ ಆಮ್ಲದಲ್ಲಿ ಇದನ್ನು ಮಾಡಿ ತೋರಿಸಿದರು. ಸಮುದ್ರದ ಮೇಲಿಳಿಯುವ ವಿಮಾನಗಳ ಡ್ಯುರಾಲುಮಿನ್ (ತಾಮ್ರ ಬೆರೆತ ಅಲ್ಯೂಮಿನಿಯಂ) ಭಾಗಗಳನ್ನು ಉಪ್ಪುನೀರಿನಿಂದ ಕಾಪಾಡುವುದು ಅವರಿಗೆ ಬೇಕಿತ್ತು. ಆಮೇಲೆ ಬಂದ ಗಂಧಕಾಮ್ಲದ ವಿಧಾನವೇ ಇವತ್ತು ಎಲ್ಲ ಕಡೆ ನಡೆಯುತ್ತಿರುವುದು.

ಅಂಗಡಿಯಲ್ಲಿ ಕೆಲಸ ಸಾಗುವುದು ಹೀಗೆ. ಹಿಡಿಯನ್ನು ಮೊದಲು ಎಣ್ಣೆಜಿಡ್ಡು ಹೋಗುವಂತೆ ತೊಳೆಯುತ್ತಾರೆ. ತೀಕ್ಷ್ಣ ಕ್ಷಾರವಾದ ಬಿಸಿ ಕಾಸ್ಟಿಕ್‌ನಲ್ಲಿ ಅದ್ದುತ್ತಾರೆ, ಅಲ್ಲಿ ಮೇಲ್ಮೈ ಸ್ವಲ್ಪ ಕರಗಿ ಮಂಕಾಗುತ್ತದೆ. ಕಾಸ್ಟಿಕ್ ಬಿಟ್ಟುಹೋದ ಕಪ್ಪು ಮಸಿಯನ್ನು ನೈಟ್ರಿಕ್ ಆಮ್ಲದಲ್ಲಿ ತೆಗೆಯುತ್ತಾರೆ. ಆಮೇಲೆ ವಸ್ತುವನ್ನು ಹಿಡಿದು ಕರೆಂಟ್ ಹಾಯಿಸುವ ಲೋಹದ ಕೊಕ್ಕೆಯಾದ ಜಿಗ್‌ಗೆ ಸಿಕ್ಕಿಸಿ, ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಂಧಕಾಮ್ಲದ ಬಾತ್‌ಗೆ (ಬಾತ್ ಅಂದರೆ ದ್ರಾವಣದ ತೊಟ್ಟಿ) ಇಳಿಸಿ, ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನಿಂದ ಕರೆಂಟ್ ಕೊಡುತ್ತಾರೆ. ಒಂದು ಚದರ ಡೆಸಿಮೀಟರಿಗೆ ಒಂದೂವರೆ ಆಂಪಿಯರ್ ಲೆಕ್ಕದಲ್ಲಿ ಅರ್ಧ ಗಂಟೆಗೆ ಹೆಚ್ಚುಕಮ್ಮಿ 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಬೆಳೆಯುತ್ತದೆ. ಈ ಪದರದ ತುಂಬ ಕಣ್ಣಿಗೆ ಕಾಣದ ನೆಟ್ಟನೆಯ ರಂಧ್ರಗಳಿರುತ್ತವೆ. ಬಣ್ಣದ ಬಾತ್‌ಗೆ ಅದ್ದಿದರೆ ಬಣ್ಣ ಆ ರಂಧ್ರಗಳೊಳಗೆ ಇಳಿಯುತ್ತದೆ. ಕೊನೆಗೆ ಕುದಿಯುವ ಶುದ್ಧ ನೀರಿನಲ್ಲಿಟ್ಟರೆ ಆಕ್ಸೈಡ್ ನೀರು ಹೀರಿ ಉಬ್ಬಿ ರಂಧ್ರದ ಬಾಯಿ ಮುಚ್ಚುತ್ತದೆ. ಇದಕ್ಕೆ ಸೀಲಿಂಗ್ ಅನ್ನುತ್ತಾರೆ.

ಕೆಲಸ ಕೆಡುವುದು ಹೆಚ್ಚಾಗಿ ಈ ಸೀಲಿಂಗ್‌ನಲ್ಲಿ. ಒಂದು ಮೈಕ್ರಾನಿಗೆ ಎರಡರಿಂದ ಮೂರು ನಿಮಿಷ ಕುದಿಸಬೇಕು, ಅಂದರೆ 15 ಮೈಕ್ರಾನಿಗೆ ಅರ್ಧ ಗಂಟೆಗೂ ಮೇಲೆ. ಆತುರದಲ್ಲಿ ಹತ್ತೇ ನಿಮಿಷಕ್ಕೆ ಮೇಲೆತ್ತಿದರೆ ನೋಡಲು ಏನೂ ವ್ಯತ್ಯಾಸ ಕಾಣುವುದಿಲ್ಲ. ಬೆವರು ತಾಗಿ ತಾಗಿ ಬಣ್ಣ ಕಳೆಗುಂದಿದ ಮೇಲೇ ಗೊತ್ತಾಗುವುದು. ನೀವೇ ಪರೀಕ್ಷೆ ಮಾಡಬಹುದು. ಹಿಡಿಯ ಒಳಮೈಯಲ್ಲಿ, ಕಾಣದ ಕಡೆ, ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಎರಡು ನಿಮಿಷ ಬಿಟ್ಟು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಗುರುತಿಲ್ಲದೆ ಹೋದರೆ ಸೀಲಿಂಗ್ ಸರಿಯಾಗಿದೆ. ನೆರಳಿನಂಥ ಕಲೆ ಉಳಿದರೆ ರಂಧ್ರಗಳು ಇನ್ನೂ ಬಾಯಿ ತೆರೆದುಕೊಂಡಿವೆ. ವಾಪಸ್ ಕೊಡಿ.

ಇನ್ನೊಂದು ಗಮನಿಸಿ. ಜಿಗ್ ಹಿಡಿದುಕೊಂಡ ಜಾಗಕ್ಕೆ ಆಸಿಡ್ ತಾಗುವುದಿಲ್ಲ, ಅಲ್ಲಿ ಬೆಳ್ಳಗಿನ ಚುಕ್ಕೆ ಉಳಿಯುತ್ತದೆ. ಅದು ತಪ್ಪಲ್ಲ, ಕರೆಂಟ್ ಹರಿಯಲು ಎಲ್ಲೋ ಒಂದು ಕಡೆ ಲೋಹಕ್ಕೆ ಲೋಹ ತಾಗಲೇಬೇಕು. ಆದರೆ ಎಲ್ಲಿ ತಾಗಬೇಕು ಅನ್ನುವುದನ್ನು ನೀವು ಹೇಳಬೇಕು. ಚಾಕುವನ್ನು ಜೇಬಿಗೆ ಸಿಕ್ಕಿಸುವ ಕ್ಲಿಪ್ ಕೆಳಗೆ ಮುಚ್ಚಿಹೋಗುವ ಸ್ಕ್ರೂ ತೂತು ಒಳ್ಳೆಯ ಜಾಗ. ನೀವು ಹೇಳದಿದ್ದರೆ ಹುಡುಗರು ತಮಗೆ ಅನುಕೂಲವಾದ ಕಡೆ ಸಿಕ್ಕಿಸುತ್ತಾರೆ.

ಇದೇ ಕೆಲಸವನ್ನು 0 ಡಿಗ್ರಿ ಹತ್ತಿರದ ತಣ್ಣನೆಯ ಆಮ್ಲದಲ್ಲಿ, ಹೆಚ್ಚು ಕರೆಂಟ್ ಕೊಟ್ಟು ಮಾಡಿದರೆ ಹಾರ್ಡ್ ಆನೊಡೈಸಿಂಗ್. ಅಮೆರಿಕದ ಮಿಲಿಟರಿ ಮಾನದಂಡದಲ್ಲಿ ಇದು ಮೂರನೇ ಟೈಪ್, ಬಣ್ಣದ್ದು ಎರಡನೇ ಟೈಪ್. ಪದರ 25ರಿಂದ 50 ಮೈಕ್ರಾನ್, ಬಣ್ಣ ಹಾಕದೆಯೇ ಕಡು ಬೂದು. ಚಾಕು ಮಾರುವವರು ಇದನ್ನು ನೀಲಮಣಿಯಷ್ಟು ಗಟ್ಟಿ ಅಂತ ಹೊಗಳುತ್ತಾರೆ. ನೀಲಮಣಿಯೂ ಅಲ್ಯೂಮಿನಿಯಂ ಆಕ್ಸೈಡೇ ಅನ್ನುವುದು ನಿಜ, ಆದರೆ ಅದು ಹರಳು. ಇದು ಹರಳುಗಟ್ಟದ, ರಂಧ್ರಗಳಿಂದ ತುಂಬಿದ ಆಕ್ಸೈಡ್. ಗಡಸುತನ 400–500 ವಿಕರ್ಸ್ ಆಸುಪಾಸು. ಬೆಣಚುಕಲ್ಲಿನ 1,000ದ ಮುಂದೆ ಇದು ಸೋಲುತ್ತದೆ. ಆದರೂ ಬರಿ ಅಲ್ಯೂಮಿನಿಯಂಗಿಂತ ನಾಲ್ಕೈದು ಪಟ್ಟು ಗಟ್ಟಿ, ಜೊತೆಗೆ ದಪ್ಪ ಬೇರೆ. ಹಾಗಾಗಿ ಬೇಗ ಸೋಲುವುದಿಲ್ಲ.

ಹಾರ್ಡ್ ಆನೊಡೈಸ್ ಮಾಡಿಸುವವರು ಅಳತೆಯ ಲೆಕ್ಕ ಮರೆಯಬಾರದು. ಪದರದ ಅರ್ಧ ಲೋಹದೊಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತದೆ. 50 ಮೈಕ್ರಾನ್ ಪದರವಾದರೆ ಪ್ರತಿ ಮೈಯೂ 25 ಮೈಕ್ರಾನ್ ಹೊರಬರುತ್ತದೆ. ಪಿವೋಟ್, ಅಂದರೆ ಅಲಗು ತಿರುಗುವ ಪಿನ್ ಕೂರುವ ರಂಧ್ರದ ವ್ಯಾಸ 50 ಮೈಕ್ರಾನ್ ಕಮ್ಮಿಯಾಗುತ್ತದೆ, ಸರಿಯಾಗಿ ಕೂರುತ್ತಿದ್ದ ಪಿನ್ ಆಮೇಲೆ ಒಳಗೆ ಹೋಗುವುದಿಲ್ಲ. ಥ್ರೆಡ್‌ನಲ್ಲಿ (ಸ್ಕ್ರೂ ಕೂರುವ ಸುರುಳಿ ಗೆರೆಯಲ್ಲಿ) ಇನ್ನೂ ಕಷ್ಟ. ಇಳಿಜಾರಾದ ಎರಡು ಮೈಗಳೂ ಬೆಳೆಯುವುದರಿಂದ ಥ್ರೆಡ್‌ನ ಪಿಚ್ ವ್ಯಾಸ (ಸುರುಳಿಯ ನಡುಮಟ್ಟದಲ್ಲಿ ಅಳೆದ ವ್ಯಾಸ), ಹೊರಬಂದ ದಪ್ಪದ ನಾಲ್ಕು ಪಟ್ಟು ಬದಲಾಗುತ್ತದೆ. ಕ್ಲಿಪ್ಪಿಗೆ ಬಳಸುವ ಎಂ2 (2 ಮಿಲಿಮೀಟರ್) ಸ್ಕ್ರೂಗೆ ಅದು ಸಣ್ಣ ಮಾತಲ್ಲ. ಒಂದೋ ಮೊದಲೇ ತುಸು ದೊಡ್ಡದಾಗಿ ಟ್ಯಾಪ್ ಮಾಡಬೇಕು (ಥ್ರೆಡ್ ಕೊರೆಯಬೇಕು), ಇಲ್ಲವೇ ರಬ್ಬರ್ ಪ್ಲಗ್ ಹಾಕಿ ಕಳಿಸಬೇಕು.

ಇಷ್ಟಾದ ಮೇಲೆ ಮೊದಲ ಪ್ರಶ್ನೆಗೆ ಬರೋಣ. ಆನೊಡೈಸ್ ಮೊದಲು ಎಲ್ಲಿಂದ ಹೋಗುತ್ತದೆ? ಚೂಪಾದ ಅಂಚಿನಿಂದ. ಪದರ ಮೇಲ್ಮೈಗೆ ನೇರ ಲಂಬವಾಗಿ ಬೆಳೆಯುತ್ತದೆ. ಎರಡು ಮೈ ಸೇರುವ ಅಂಚಿನಲ್ಲಿ ಒಂದು ಪದರ ಈ ಕಡೆಗೆ, ಇನ್ನೊಂದು ಆ ಕಡೆಗೆ ಬೆಳೆದು ನಡುವೆ ಬಿರುಕು ಉಳಿಯುತ್ತದೆ. ಪದರ ದಪ್ಪವಾದಷ್ಟೂ ಬಿರುಕು ದೊಡ್ಡದು. ಜೇಬಿನಲ್ಲಿ ಅತಿ ಹೆಚ್ಚು ಉಜ್ಜುವುದೂ ಆ ಅಂಚೇ. ಕಪ್ಪು ಹಿಡಿಯ ಅಂಚಿನಲ್ಲಿ ಬೆಳ್ಳಿಗೆರೆ ಕಾಣಿಸಿಕೊಳ್ಳುವುದು ಹೀಗೆ. ಇದಕ್ಕೆ ಮದ್ದು ಬಾತ್‌ನಲ್ಲಿ ಸಿಗುವುದಿಲ್ಲ, ಅರದಲ್ಲಿ ಸಿಗುತ್ತದೆ. ಆನೊಡೈಸಿಂಗ್‌ಗೆ ಕಳಿಸುವ ಮೊದಲು ಅಂಚುಗಳನ್ನೆಲ್ಲ ಅರ್ಧ ಮಿಲಿಮೀಟರಾದರೂ ದುಂಡು ಮಾಡಿ. ಇಪ್ಪತ್ತು ನಿಮಿಷದ ಕೈಗೆಲಸ. ದುಬಾರಿ ಬಾತ್‌ಗಿಂತ ಇದೇ ಹೆಚ್ಚು ಬಾಳಿಕೆ ಕೊಡುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕ್ಷಾರವೂ ಇದಕ್ಕೆ ಆಗುವುದಿಲ್ಲ. ಬೆವರಿನ ಹುಳಿಯನ್ನು ಆನೊಡೈಸ್ ತಡೆದುಕೊಳ್ಳುತ್ತದೆ, ಕಾಸ್ಟಿಕ್‌ನಲ್ಲಿ ಕರಗಿಹೋಗುತ್ತದೆ. ಪಾತ್ರೆ ತೊಳೆಯುವ ಮೆಷಿನ್ನಿನ ಪುಡಿ ಕೂಡ ಕ್ಷಾರವೇ. ಬಣ್ಣದ ಹಿಡಿಯ ಚಾಕುವನ್ನು ಅದರೊಳಗೆ ಹಾಕಿದವರಿಗೆ ಫಲಿತಾಂಶ ಗೊತ್ತಿರುತ್ತದೆ. ಎಲೆಅಡಿಕೆ ಹಾಕಿಕೊಳ್ಳುವ ಹಿರಿಯರಿಗೆ ಚಾಕು ಕೊಡುವುದಾದರೆ ಬಣ್ಣದ ಆನೊಡೈಸ್ ಬೇಡ. ಹಸಿ ಸುಣ್ಣದ ಬೆರಳು ತಾಗಿದ ಕಡೆ ಬಿಳಿಚಿಕೊಳ್ಳುತ್ತದೆ.

ಲೋಹದ ಜಾತಿಯನ್ನೂ ನೋಡಬೇಕು. 6061, 6063 ಚೆನ್ನಾಗಿ ಬರುತ್ತವೆ. ತಾಮ್ರ ಹೆಚ್ಚಿರುವ 2024 ಅಷ್ಟಕ್ಕಷ್ಟೇ. ಸಿಲಿಕಾನ್ ತುಂಬಿದ ಡೈಕಾಸ್ಟ್ ಅಲ್ಯೂಮಿನಿಯಂ ಎಷ್ಟು ಸಲ ಮಾಡಿದರೂ ಮಸಿಬಟ್ಟೆಯ ಬಣ್ಣವೇ. ಅಗ್ಗದ ಚಾಕುಗಳ ಎರಕದ ಹಿಡಿಗೆ ಪೇಂಟ್ ಹೊಡೆದಿರುವುದಕ್ಕೆ ಇದೂ ಒಂದು ಕಾರಣ.

ಆನೊಡೈಸ್ ಹಿಡಿಗೆ ಜಗತ್ತಿನಲ್ಲೇ ಒಳ್ಳೆಯ ಉದಾಹರಣೆ ಯಾವುದು ಅಂದರೆ ನಾನು ಸ್ವಿಸ್ ಸೈನಿಕರ ಚಾಕುವನ್ನು ತೋರಿಸುತ್ತೇನೆ. 1891ರಲ್ಲಿ ಸೈನ್ಯಕ್ಕೆ ಸಿಕ್ಕ ಮೊದಲ ಚಾಕುವಿಗೆ ಓಕ್ ಮರದ ಹಿಡಿ ಇತ್ತು. ಮರ ಬಿರುಕು ಬಿಡುತ್ತದೆ ಅಂತ 1908ರ ಮಾದರಿಗೆ ಫೈಬರ್ ಬಂತು. 1961ರ ಮಾದರಿಯಲ್ಲಿ ಅಲ್ಯೂಮಿನಿಯಂ ಹಿಡಿ ಬಂತು, ಅದೇ ಮುಂದೆ ಅಲಾಕ್ಸ್ ಅನ್ನುವ ಹೆಸರಿನಿಂದ ಹೆಸರಾಯಿತು. 2008ರ ಮಾದರಿ ಬರುವವರೆಗೂ ಸೈನಿಕರ ಜೇಬಿನಲ್ಲಿದ್ದದ್ದು ಇದೇ. ತೆಳ್ಳನೆಯ ಅಲ್ಯೂಮಿನಿಯಂ ತಗಡಿಗೆ ಚೌಕುಳಿ ಚೌಕುಳಿಯಾಗಿ ಉಬ್ಬು ಒತ್ತಿ ಆನೊಡೈಸ್ ಮಾಡಿದ ಹಿಡಿ ಅದು.

ಅದನ್ನು ಹತ್ತಿರದಿಂದ ನೋಡಿ. ಜೇಬಿನಲ್ಲಿ ಉಜ್ಜುವುದು ಉಬ್ಬುಗಳ ನೆತ್ತಿ ಮಾತ್ರ, ನಡುವಿನ ತಗ್ಗುಗಳಿಗೆ ಏನೂ ತಾಗುವುದಿಲ್ಲ. ಉದ್ದನೆಯ ಗೀರು ಬೀಳಲು ಜಾಗವೇ ಇಲ್ಲ, ಪ್ರತಿ ತಗ್ಗಿನಲ್ಲೂ ಅದು ತುಂಡಾಗುತ್ತದೆ. ಮೊದಲ ಕೆಲವು ವರ್ಷ ಇದನ್ನು ಕೆಂಪು ಬಣ್ಣದಲ್ಲಿ ಮಾಡುತ್ತಿದ್ದರು, ಆಮೇಲೆ ಬಣ್ಣವಿಲ್ಲದ ಬೆಳ್ಳಿಯ ಛಾಯೆಗೆ ಬಂದರು. ಬೆಳ್ಳಿಛಾಯೆಯ ಹಿಡಿಯ ನೆತ್ತಿ ಸವೆದರೆ ಕೆಳಗಿನಿಂದ ಕಾಣುವುದೂ ಬೆಳ್ಳಿಯ ಛಾಯೆಯೇ. ಮೂವತ್ತು ವರ್ಷ ಬಳಸಿದ ಅಂಥ ಚಾಕುವನ್ನೂ ನಿನ್ನೆ ಮೊನ್ನೆಯದನ್ನೂ ಒಂದು ಮಾರು ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಅಲ್ಲಿ ಪದರದ ದಪ್ಪಕ್ಕಿಂತ ಉಬ್ಬಿನ ವಿನ್ಯಾಸ ಮತ್ತು ಬಣ್ಣದ ಆಯ್ಕೆ ಹೆಚ್ಚು ಕೆಲಸ ಮಾಡಿವೆ.

ಟೈಟಾನಿಯಂ ಕಥೆ ಬೇರೆ. ಅದಕ್ಕೂ ಆನೊಡೈಸಿಂಗ್ ಅಂತಲೇ ಹೇಳುತ್ತಾರಾದರೂ ಅಲ್ಲಿ ಬಣ್ಣದ ಬಾತ್ ಇಲ್ಲ. ಆಕ್ಸೈಡ್ ಪದರ ಎಷ್ಟು ದಪ್ಪ ಅನ್ನುವುದರ ಮೇಲೆ ಬೆಳಕು ಒಡೆದು ಬಣ್ಣ ಕಾಣಿಸುತ್ತದೆ, ನೀರಿನ ಮೇಲೆ ಹರಡಿದ ಪೆಟ್ರೋಲಿನಲ್ಲಿ ಕಾಣುವ ಬಣ್ಣದ ತತ್ವವೇ ಇದು. ದಪ್ಪವನ್ನು ನಿರ್ಧರಿಸುವುದು ವೋಲ್ಟೇಜ್. 15–20 ವೋಲ್ಟಿನಲ್ಲಿ ಕಂಚಿನಿಂದ ನೇರಳೆ, 25–30ರಲ್ಲಿ ಗಾಢ ನೀಲಿ, 55–60ರ ಹೊತ್ತಿಗೆ ಹಳದಿ ಚಿನ್ನ, 70ರ ಸುಮಾರಿಗೆ ಗುಲಾಬಿ, 90 ದಾಟಿದರೆ ಹಸಿರಿನ ಕಡೆಗೆ. ಅಪ್ಪಟ ಕೆಂಪು ಬರುವುದಿಲ್ಲ, ಕಪ್ಪೂ ಬರುವುದಿಲ್ಲ. ಕೆಂಪು ಟೈಟಾನಿಯಂ ಆನೊಡೈಸ್ ಅಂತ ಯಾರಾದರೂ ಮಾರಿದರೆ ಅದು ಇನ್ನೇನೋ.

ಈ ಪದರದ ದಪ್ಪ ಎಷ್ಟು? ನೂರು, ಇನ್ನೂರು ನ್ಯಾನೋಮೀಟರ್. ಅಲ್ಯೂಮಿನಿಯಂ ಮೇಲೆ 15 ಮೈಕ್ರಾನ್ ಅಂದೆವಲ್ಲ, ಅದರ ನೂರನೇ ಒಂದು ಪಾಲು. ಬಾಳಿಕೆ ಬರುವ ಫಿನಿಶ್ ಅಂತ ಇದನ್ನು ಕರೆಯುವುದು ಕಷ್ಟ. ಕ್ಲಿಪ್‌ನ ತುದಿ ಕೂರುವ ಕಡೆ, ಹೆಬ್ಬೆರಳು ಊರುವ ಕಡೆ ತಿಂಗಳುಗಳಲ್ಲೇ ಬೂದು ಕಾಣುತ್ತದೆ. ಇದಕ್ಕೂ ಮೊದಲು ಬಣ್ಣ ಮಂಕಾದಂತೆ ಅನ್ನಿಸಿದರೆ ಅದು ಸವೆತವಲ್ಲ, ಬೆರಳಿನ ಜಿಡ್ಡು. ಜಿಡ್ಡಿನ ತೆಳು ಪದರವೂ ಬೆಳಕಿನ ಲೆಕ್ಕವನ್ನು ತಪ್ಪಿಸುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದರೆ ನೀಲಿ ಮತ್ತೆ ನೀಲಿಯಾಗುತ್ತದೆ.

ನನ್ನ ಸಲಹೆ ಕೇಳಿದರೆ, ಟೈಟಾನಿಯಂ ಬಣ್ಣವನ್ನು ತಗ್ಗುಗಳಿಗೆ, ಕೊರೆದ ಗೆರೆಗಳಿಗೆ, ಪಿವೋಟಿನ ಸುತ್ತಿನ ಬಳೆಗೆ ಇಟ್ಟುಕೊಳ್ಳಿ. ತೆರೆದ ಮೈಯನ್ನು ಬರಿದಾಗಿ ಬಿಡಿ. ಟೈಟಾನಿಯಂಗೆ ತುಕ್ಕು ಹಿಡಿಯುವುದಿಲ್ಲ, ಕಾರವಾರದ ಉಪ್ಪುಗಾಳಿಯಲ್ಲೂ ಹಿಡಿಯುವುದಿಲ್ಲ. ಹಾಗಿದ್ದಮೇಲೆ ಮುಚ್ಚುವುದು ಯಾಕೆ?

ಬರಿ ಮೈಗೆ ಎರಡು ಉಪಚಾರಗಳಿವೆ. ಒಂದು ಗ್ಲಾಸ್ ಬೀಡ್ ಬ್ಲಾಸ್ಟಿಂಗ್, ಸಣ್ಣ ಗಾಜಿನ ಮಣಿಗಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಮಂಜಿನಂಥ ಮೈ ಕೊಡುವುದು. ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಐಡಹೋಗೆ ಹೋಗಿ ನೆಲೆಸಿದ ಕ್ರಿಸ್ ರೀವ್ ಅವರ ಸೆಬೆಂಜಾ ಚಾಕು ಈ ಮಂಜುಮೈಯಿಂದಲೇ ಗುರುತು ಪಡೆಯಿತು. ಅಂಗಡಿಯಲ್ಲಿ ತುಂಬ ಚೆನ್ನಾಗಿ ಕಾಣುತ್ತದೆ. ಜೇಬಿಗೆ ಹೋದ ವಾರದಲ್ಲೇ ಬಸವನಹುಳು ಹರಿದಂತೆ ಹೊಳೆಯುವ ಗೆರೆಗಳು ಮೂಡುತ್ತವೆ, ಏಕೆಂದರೆ ಏನೇ ತಾಗಿದರೂ ಆ ಸಣ್ಣ ಉಬ್ಬುಗಳು ಚಪ್ಪಟೆಯಾಗಿ ಬೆಳಕನ್ನು ಬೇರೆ ಥರ ತೋರಿಸುತ್ತವೆ. ಇದನ್ನು ಇಷ್ಟಪಡುವವರಿದ್ದಾರೆ. ಇಷ್ಟಪಡದವರಿಗೆ ಎರಡನೇ ದಾರಿ: ಸೆರಾಮಿಕ್ ಕಲ್ಲುಗಳ ಜೊತೆ ವೈಬ್ರೊ ಮೆಷಿನ್ನಿನಲ್ಲಿ ಹಾಕಿ ಗಂಟೆಗಟ್ಟಲೆ ಕುಲುಕುವುದು. ಸ್ಟೋನ್‌ವಾಶ್ ಅನ್ನುವುದು ಇದಕ್ಕೇ. ಹಿಡಿಯ ತುಂಬ ದಿಕ್ಕುದೆಸೆಯಿಲ್ಲದ ಸಾವಿರ ಗೀರು ಮೊದಲೇ ಬಿದ್ದಿರುವುದರಿಂದ ನಾಳೆ ಬೀಳುವ ಗೀರು ಅವುಗಳಲ್ಲಿ ಕಳೆದುಹೋಗುತ್ತದೆ. ದಪ್ಪ ಸೊನ್ನೆ ಮೈಕ್ರಾನ್, ಸುಲಿದುಹೋಗಲು ಏನೂ ಇಲ್ಲ. ಲೋಹದ ಹಿಡಿಗೆ ಅತ್ಯಂತ ಬಾಳಿಕೆಯ ಫಿನಿಶ್ ಯಾವುದು ಅಂತ ಒಂದೇ ಹೆಸರು ಹೇಳಲೇಬೇಕಾದರೆ ನಾನು ಸ್ಟೋನ್‌ವಾಶ್ ಟೈಟಾನಿಯಂ ಅನ್ನುತ್ತೇನೆ. ಕೋಟಿಂಗ್ ವ್ಯಾಪಾರದ ಗೆಳೆಯರು ಕ್ಷಮಿಸಬೇಕು.

ಬ್ಲಾಸ್ಟಿಂಗ್ ಬಗ್ಗೆ ಸ್ಟೇನ್‌ಲೆಸ್ ಸ್ಟೀಲಿನವರಿಗೆ ಒಂದು ಎಚ್ಚರಿಕೆ. ಮಂಜುಮೈ ಅಂದರೆ ಲಕ್ಷಾಂತರ ಸಣ್ಣ ಕುಳಿ. ಉಪ್ಪು ಬೆವರು ಅಲ್ಲಿ ನಿಂತುಕೊಳ್ಳುತ್ತದೆ. ಸ್ಟೇನ್‌ಲೆಸ್‌ಗೂ ಚಹಾ ಚೆಲ್ಲಿದಂಥ ಕಂದು ಕಲೆ ಬರುವುದು ಹೀಗೆ, ಅದರಲ್ಲೂ ಕರಾವಳಿಯಲ್ಲಿ. ಸ್ಟೀಲಿಗೆ ನುಣ್ಣನೆಯ ಸ್ಯಾಟಿನ್ ಮೈಯೇ ಒಳ್ಳೆಯದು.

ಕಪ್ಪು ಬೇಕು, ಗೀರು ಬೀಳಬಾರದು ಅನ್ನುವವರಿಗೆ ಪಿವಿಡಿ ಇದೆ. ನಿರ್ವಾತದ ಪೆಟ್ಟಿಗೆಯಲ್ಲಿ ಲೋಹವನ್ನು ಆವಿ ಮಾಡಿ, ಅನಿಲದ ಜೊತೆ ಸೇರಿಸಿ ಹಿಡಿಯ ಮೇಲೆ ಕೂರಿಸುತ್ತಾರೆ. ಗಡಿಯಾರದ ಕೇಸ್‌ಗಳ ಚಿನ್ನದ ಬಣ್ಣ, ಡ್ರಿಲ್ ಬಿಟ್‌ಗಳ ಹಳದಿ ಇದರದೇ ಕೊಡುಗೆ, ಅದು ಟೈಟಾನಿಯಂ ನೈಟ್ರೈಡ್. ವಿಕರ್ಸ್ 2,000ದ ಮೇಲೆ. ಕಪ್ಪು ಬಣ್ಣದ ಡಿಎಲ್‌ಸಿ, ಅಂದರೆ ವಜ್ರದ ಗುಣದ ಇಂಗಾಲದ ಲೇಪ, ಅದರ ಆಸುಪಾಸಿನಲ್ಲೋ ಇನ್ನೂ ಮೇಲೋ ಇರುತ್ತದೆ. ಬೆಣಚುಕಲ್ಲಿನ 1,000ವನ್ನು ನಿಜವಾಗಿ ಮೀರುವ ಫಿನಿಶ್ ಇವತ್ತಿನ ಪಟ್ಟಿಯಲ್ಲಿ ಇವು ಮಾತ್ರ.

ಆದರೆ ದಪ್ಪ ಎರಡು ಮೂರು ಮೈಕ್ರಾನ್ ಅಷ್ಟೇ. ಕೆಳಗಿನ ಲೋಹ ಗಟ್ಟಿಯಿದ್ದರೆ ತೊಂದರೆಯಿಲ್ಲ, ಟೈಟಾನಿಯಂ ಮೇಲೆ, ಹದ ಕೊಟ್ಟ ಸ್ಟೀಲಿನ ಮೇಲೆ ಚೆನ್ನಾಗಿ ಬಾಳುತ್ತದೆ. ಅದನ್ನೇ ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಹಾಕಿಸಿದರೆ ಹತ್ತಿಯ ಹಾಸಿಗೆಯ ಮೇಲೆ ಗಾಜಿನ ಹಾಳೆ ಇಟ್ಟು ಕೂತ ಹಾಗೆ. ಗೀರು ಬೀಳುವುದಿಲ್ಲ, ಕೆಳಗೆ ಬಿದ್ದ ದಿನ ತಗ್ಗು ಬಿದ್ದು ಸುತ್ತಲೂ ಚೂರಾಗುತ್ತದೆ. ಪಿವಿಡಿ ಪೆಟ್ಟಿಗೆಯ ಬಿಸಿ ಹಲವು ಸಲ 200 ಡಿಗ್ರಿ ದಾಟುತ್ತದೆ, ಅಷ್ಟು ಬಿಸಿಯಲ್ಲಿ ಹದ ಕೊಟ್ಟ 6061 ಹದ ಕಳೆದುಕೊಳ್ಳುತ್ತದೆ ಅನ್ನುವುದು ಇನ್ನೊಂದು ತೊಡಕು. ಇನ್ನೂ ಒಂದು ಮಾತು: ಪಿವಿಡಿ ಕೆಳಗಿನ ಮೈಯನ್ನು ಮುಚ್ಚುವುದಿಲ್ಲ. ಮೊದಲು ಇದ್ದ ಗೀರು ಕಪ್ಪು ಬಣ್ಣದ ಗೀರಾಗಿ ಹೊರಬರುತ್ತದೆ. ಸ್ಟೋನ್‌ವಾಶ್ ಮಾಡಿ ಮೇಲೆ ಡಿಎಲ್‌ಸಿ ಹಾಕಿಸಿದರೆ ಸವೆದಾಗ ಕಣ್ಣಿಗೆ ಹೊಡೆಯುವುದಿಲ್ಲ.

ಬಳಿಯುವ ಲೇಪಗಳನ್ನು ಬೇಗ ಮುಗಿಸುತ್ತೇನೆ. ಪೌಡರ್ ಕೋಟಿಂಗ್ 60ರಿಂದ 100 ಮೈಕ್ರಾನ್, 180–200 ಡಿಗ್ರಿ ಒಲೆಯಲ್ಲಿ ಕರಗಿ ಅಂಟಿದ ಪ್ಲಾಸ್ಟಿಕ್. ಗೇಟಿಗೆ, ಗ್ರಿಲ್ಲಿಗೆ ಹೇಳಿ ಮಾಡಿಸಿದ್ದು. ಮಡಿಚುವ ಚಾಕುವಿನಲ್ಲಿ ನೂರು ಮೈಕ್ರಾನ್ ಅಂದರೆ ಅಲಗು ಸಿಕ್ಕಿಕೊಳ್ಳುತ್ತದೆ, ಸ್ಕ್ರೂ ತಲೆ ಕೂರುವುದಿಲ್ಲ, ಬಿಗಿ ಮಾಡಿದ ಕಡೆ ಲೇಪ ಹಿಂಡಿ ಪಿವೋಟ್ ಸಡಿಲವಾಗುತ್ತದೆ. ಸೆರಾಕೋಟ್ ಅನ್ನುವ ಅಮೆರಿಕದ ಸೆರಾಮಿಕ್ ಬೆರೆತ ಪೇಂಟು 25 ಮೈಕ್ರಾನ್ ಆಸುಪಾಸಿನಲ್ಲೇ ಮುಗಿಯುತ್ತದೆ, 120 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಿದರೆ ಸಾಕು, ಹಾಗಾಗಿ ಅಲ್ಯೂಮಿನಿಯಂ ಹದವೂ ಕೆಡುವುದಿಲ್ಲ. ಬೇಕಾದ ಬಣ್ಣ ಸಿಗುತ್ತದೆ, ಉಪ್ಪುನೀರಿಗೆ ಜಗ್ಗುವುದಿಲ್ಲ. ಆದರೆ ಬ್ಲಾಸ್ಟಿಂಗ್ ಮಾಡದ ಮೈಗೆ ಹೊಡೆದರೆ ಉಗುರಿಗೆ ಎದ್ದುಬರುತ್ತದೆ. ಎಷ್ಟೇ ಒಳ್ಳೆಯದಾದರೂ ಅದು ಪೇಂಟು, ಅಂಚಿನಲ್ಲಿ ಸವೆದು ಕೆಳಗಿನ ಲೋಹ ತೋರಿಸುತ್ತದೆ.

ಸ್ಟೀಲಿಗೆ ಬ್ಲ್ಯಾಕೋಡೈಸಿಂಗ್ ಮಾಡಿಸುತ್ತೇನೆ ಅನ್ನುವವರು ಎಣ್ಣೆ ಬಾಟಲಿಯನ್ನೂ ಜೊತೆಗಿಟ್ಟುಕೊಳ್ಳಿ. ಒಂದೆರಡು ಮೈಕ್ರಾನ್ ಕಪ್ಪು ಆಕ್ಸೈಡ್ ಅದು, ಎಣ್ಣೆ ಆರಿದ ದಿನ ತುಕ್ಕು ಶುರು. ಅಲಂಕಾರದ ಕ್ರೋಮ್ ಪ್ಲೇಟಿಂಗ್ ಕಣ್ಣಿಗೆ ಕಾಣುವಷ್ಟು ದಪ್ಪವೂ ಇರುವುದಿಲ್ಲ, ಅರ್ಧ ಮೈಕ್ರಾನ್ ಒಳಗೇ. ಅದನ್ನು ಹೊತ್ತು ನಿಲ್ಲಿಸುವುದು ಕೆಳಗಿರುವ ನಿಕಲ್. ಕ್ರೋಮ್ ಸವೆದಮೇಲೆ ನಿಕಲ್ ಚರ್ಮಕ್ಕೆ ತಾಗಿ ಕೆಲವರಿಗೆ ತುರಿಕೆ ಬರುತ್ತದೆ. ಇನ್ನು ಕ್ರೋಮ್ ಪ್ಲೇಟಿಂಗ್ ಬಾತ್‌ನಲ್ಲಿ ಬಹಳ ಸಲ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು, ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಅಂಗೈಯಗಲದ ಹವ್ಯಾಸದ ವಸ್ತುವಿಗೆ ಅದು ಬೇಡ ಅನ್ನುವುದು ನನ್ನ ಪಕ್ಷ. ಗಟ್ಟಿ ಪ್ಲೇಟಿಂಗೇ ಬೇಕೆಂದರೆ ಎಲೆಕ್ಟ್ರೋಲೆಸ್ ನಿಕಲ್ ಮಾಡಿಸಿ. ಕರೆಂಟಿಲ್ಲದೆ ರಾಸಾಯನಿಕದಿಂದಲೇ ಕೂರುವುದರಿಂದ ಮೂಲೆ ಮುಡುಕುಗಳಲ್ಲೂ ಒಂದೇ ದಪ್ಪ ಬರುತ್ತದೆ. ಮೊದಲಿಗೆ 500 ವಿಕರ್ಸ್ ಆಸುಪಾಸು ಇರುವುದು 400 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಎರಡರಷ್ಟಾಗುತ್ತದೆ. ಆ ಬಿಸಿ ಸ್ಟೀಲಿಗೆ ಸರಿ, ಅಲ್ಯೂಮಿನಿಯಂಗಲ್ಲ. ನಿಕಲ್ ಆಗದ ಚರ್ಮದವರಿಗೆ ಇದೂ ಆಗದು.

ಕೊನೆಗೆ ಹಿತ್ತಾಳೆ, ತಾಮ್ರ. ಇವುಗಳ ಮೇಲೆ ಲ್ಯಾಕರ್ ಹೊಡೆಯುವುದು ವ್ಯರ್ಥ. ಒಂದು ಕಡೆ ಕಿತ್ತುಬಂದ ಮೇಲೆ ಅಲ್ಲಿ ಕಪ್ಪು, ಉಳಿದ ಕಡೆ ಹೊಳಪು, ಚರ್ಮರೋಗದ ಹಾಗೆ ಕಾಣುತ್ತದೆ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಅನ್ನುವ ಮಡಿಚುವ ಚಾಕು ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಹಿತ್ತಾಳೆಯ ಅಥವಾ ಉಕ್ಕಿನ ತಗಡನ್ನು ಮಡಿಸಿ ಹಿಡಿ ಮಾಡುತ್ತಾರೆ. ಹಿತ್ತಾಳೆಯದು ಕೈಗೆ ತಾಗಿ ತಾಗಿ ಕಂದಾಗುತ್ತದೆ. ಬೇಡ ಅನ್ನಿಸಿದರೆ ಹುಣಸೆಹಣ್ಣು ಇದೆ, ದೇವರ ಮನೆಯ ದೀಪ ತಿಕ್ಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಲೋಹದ ಮೈಯನ್ನೇ ಬದಲಿಸಿ ಬಣ್ಣ ಪಡೆಯುವುದರಲ್ಲಿ ನಮ್ಮ ಬೀದರಿನವರು ಯಾರಿಗೂ ಕಮ್ಮಿಯಿಲ್ಲ. ಬಿದರಿ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಒಂದಿಷ್ಟು ತಾಮ್ರ. ಬೆಳ್ಳಿ ಕೆತ್ತನೆ ಕೂರಿಸಿ ನುಣುಪು ಮಾಡಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಸತುವಿನ ಮಿಶ್ರಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹುಕ್ಕಾ ಬುಡಕ್ಕೂ ಹೂದಾನಿಗೂ ಅದು ಸೊಗಸು. ಜೇಬಿಗೆ ಮಾತ್ರ ಬೇಡ, ಸತು ಮೆದು, ಬೆವರಿಗೂ ಹುಳಿಗೂ ಆ ಕಪ್ಪು ತಡೆಯುವುದಿಲ್ಲ. ಬಿದರಿ ಹಿಡಿಯ ಮಡಿಚುವ ಚಾಕು ಮಾಡಬೇಕು ಅಂತ ಬಂದವರಿಗೆಲ್ಲ ಪ್ರದರ್ಶನಕ್ಕೆ ಮಾಡಿ, ಬಳಸಲು ಬೇಡ ಅಂದಿದ್ದೇನೆ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

ಒಬ್ಬರು ಕೇಳಿದರು: ಟೈಟಾನಿಯಂ ಆನೊಡೈಸಿಂಗ್ ಮನೆಯಲ್ಲೇ ಮಾಡಿಕೊಳ್ಳಬಹುದಂತೆ, ಹೌದಾ?

ಮಾಡಿಕೊಳ್ಳಬಹುದು. ನೀರಿಗೆ ಒಂದು ಚಮಚ ಅಡುಗೆ ಸೋಡಾ, 9 ವೋಲ್ಟಿನ ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸಿದ ಸರಣಿ, ಪ್ಲಸ್ ತಂತಿ ಹಿಡಿಗೆ, ಮೈನಸ್ ತಂತಿ ಸ್ಟೇನ್‌ಲೆಸ್ ತಗಡಿಗೆ. ಮೂರು ಬ್ಯಾಟರಿಗೆ ನೀಲಿ ಬರುತ್ತದೆ. ಕಮ್ಮಿ ವೋಲ್ಟಿನಿಂದ ಮೇಲಕ್ಕೆ ಹೋಗಿ, ದಪ್ಪವಾದ ಪದರವನ್ನು ತೆಳು ಮಾಡಲಾಗದು. ಹತ್ತು ಬ್ಯಾಟರಿ ಜೋಡಿಸಿದರೆ 90 ವೋಲ್ಟ್ ಡಿಸಿ. ಒದ್ದೆ ಕೈಗೆ ಅದು ಪ್ರಾಣಕ್ಕೇ ಅಪಾಯ. ರಬ್ಬರ್ ಕೈಗವಸು ಹಾಕಿ, ಕರೆಂಟ್ ಇರುವಾಗ ನೀರಿಗೆ ಕೈ ಹಾಕಬೇಡಿ. ಬಣ್ಣ ಹೊಳೆಯಲಿ ಅಂತ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆಯುವ ವಿಡಿಯೊಗಳಿವೆ. ಅದನ್ನು ಮನೆಯೊಳಗೆ ತರಲೇಬೇಡಿ. ಚರ್ಮದ ಮೂಲಕ ಇಳಿದು ಮೂಳೆಯ ಕ್ಯಾಲ್ಸಿಯಂವರೆಗೂ ಹೋಗುವ ಆಮ್ಲ ಅದು, ಮೊದಲಿಗೆ ನೋವೂ ಗೊತ್ತಾಗದೇ ಇರಬಹುದು.

ಇನ್ನೊಬ್ಬರು: ಹಳೆಯ ಅಲ್ಯೂಮಿನಿಯಂ ಹಿಡಿಯ ಬಣ್ಣ ಹೋಗಿದೆ, ಮತ್ತೆ ಆನೊಡೈಸ್ ಮಾಡಿಸಬಹುದಾ?

ಒಂದು ಸಲ ಧಾರಾಳವಾಗಿ, ಎರಡನೇ ಸಲ ಯೋಚಿಸಿ. ಹಳೆ ಪದರವನ್ನು ಕರಗಿಸಿದಾಗ ಅದು ಒಳಕ್ಕೆ ಬೆಳೆಯುತ್ತಾ ತಿಂದ ಲೋಹವೂ ಹೋಗಿರುತ್ತದೆ, ಕಾಸ್ಟಿಕ್‌ನಲ್ಲಿ ತೆಗೆದರೆ ಇನ್ನೂ ಒಂದಿಷ್ಟು. ಪಿವೋಟ್ ರಂಧ್ರ ದೊಡ್ಡದಾಗಿ ಅಲಗು ಅಲ್ಲಾಡಲು ಶುರುವಾಗುತ್ತದೆ. ಅದಕ್ಕೇ ರಂಧ್ರಗಳಿಗೆಲ್ಲ ಪ್ಲಗ್ ಹಾಕಿ ಕೊಡಿ. ಕೊಡುವ ಮೊದಲು ಹಿಡಿಯನ್ನು ಪೂರ್ತಿ ಬಿಚ್ಚಿ. ಒತ್ತಿ ಕೂರಿಸಿದ ಸ್ಟೀಲ್ ಪಿನ್, ಒಳಗಿನ ಸ್ಟೀಲ್ ಲೈನರ್, ಬೇರಿಂಗಿನ ವಾಷರ್ ಒಂದೂ ಉಳಿಯಕೂಡದು. ಗಂಧಕಾಮ್ಲದ ಬಾತ್‌ನಲ್ಲಿ ಸ್ಟೀಲ್ ಇದ್ದರೆ ಕರೆಂಟನ್ನೆಲ್ಲ ಅದೇ ಎಳೆದುಕೊಂಡು ತಾನೂ ಕರಗುತ್ತದೆ, ಅಲ್ಯೂಮಿನಿಯಂ ಮೇಲೆ ಪದರವೇ ಬೆಳೆಯುವುದಿಲ್ಲ. ಪಿನ್ ಬಿಚ್ಚಲು ಬರದ ಹಿಡಿಯಾದರೆ ಆನೊಡೈಸಿಂಗ್ ಆಸೆ ಬಿಟ್ಟು ಬ್ಲಾಸ್ಟಿಂಗ್ ಮಾಡಿಸಿ ಸೆರಾಕೋಟ್ ಹೊಡೆಸಿ. ಪಿವೋಟ್ ರಂಧ್ರಕ್ಕೂ ಅಲಗು ಉಜ್ಜುವ ಒಳಮೈಗೂ ಟೇಪ್ ಅಂಟಿಸಿಯೇ ಕೊಡಿ.